ಓಡುವ ಬಂಡಿಯಲ್ಲಿ ಊಟದ ಪಂಕ್ತಿ

ದೂರದ ಪ್ರಯಾಣಕ್ಕೆ ಹೊರಡುವವರು ಬುತ್ತಿ ಕಟ್ಟಿಕೊಳ್ಳುವುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ರೂಢಿ. ಕಾಲ್ನಡಿಗೆಯವರ ಗಂಟಿನಲ್ಲಿ ಅವಲಕ್ಕಿ, ಹುರಿಹಿಟ್ಟು, ರೊಟ್ಟಿ, ಚಟ್ನಿಪುಡಿ ಇರುತ್ತಿದ್ದವು. ಎತ್ತಿನ ಗಾಡಿಯವರು ಮರದ ನೆರಳಿನಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳುತ್ತಿದ್ದರು. ರೈಲುಬಂಡಿ ಬಂದ ಮೇಲೆ ಈ ಸ್ವಾತಂತ್ರ್ಯ ಉಳಿಯಲಿಲ್ಲ. ಬಂಡಿಯು ಪ್ರಯಾಣಿಕನ ಹಸಿವನ್ನು ನೋಡಿ ನಿಲ್ಲುವುದಿಲ್ಲ. ಅದು ತನ್ನ ವೇಳಾಪಟ್ಟಿಗೆ ಬದ್ಧವಾದುದು. ಹಾಗಾದರೆ ಹಗಲಿರುಳು ಪ್ರಯಾಣ ಮಾಡುವವರು ಬಿಸಿಯೂಟವನ್ನು ಎಲ್ಲಿ ಉಣ್ಣಬೇಕು? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದೇ ಊಟದ ಬೋಗಿ. ಅದರ ಇತಿಹಾಸದಲ್ಲಿ ರುಚಿಯ ಸಂಗತಿ ಎಷ್ಟಿದೆಯೋ ನ್ಯಾಯದ ಸಂಗತಿಯೂ ಅಷ್ಟೇ ಇದೆ. ಇವೆರಡೂ ಅಮೆರಿಕ ಸಂಯುಕ್ತ ಸಂಸ್ಥಾನದ ರೈಲುಗಳಲ್ಲಿ ಸ್ಪಷ್ಟವಾಗಿ ಕಂಡುಬರುತ್ತವೆ.

ಅಮೆರಿಕದಲ್ಲಿ ರೈಲುಮಾರ್ಗಗಳು ಸಾವಿರಾರು ಮೈಲಿ ಹಬ್ಬಿದಾಗ ಪ್ರಯಾಣಿಕರು ಊಟಕ್ಕಾಗಿ ದಾರಿಯ ನಿಲ್ದಾಣಗಳನ್ನೇ ನಂಬಬೇಕಾಗಿತ್ತು. ಬಂಡಿ ಸುಮಾರು ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಅಷ್ಟರಲ್ಲಿ ಜನರು ಗುಂಪುಗುಂಪಾಗಿ ನುಗ್ಗಿ, ಸಿಕ್ಕಿದ್ದನ್ನು ನುಂಗಿ, ಗಂಟೆಯ ಸದ್ದು ಕೇಳಿದೊಡನೆ ಓಡಿಬರಬೇಕಾಗಿತ್ತು. 1876ರಲ್ಲಿ ಫ್ರೆಡ್ ಹಾರ್ವಿ ಎಂಬುವನು ಕ್ಯಾನ್ಸಸ್ ಪ್ರಾಂತದ ಟೊಪೀಕಾ ನಿಲ್ದಾಣದಲ್ಲಿ ಶುಚಿರುಚಿಯಾದ ಭೋಜನಗೃಹವೊಂದನ್ನು ತೆರೆದು ಈ ಕಷ್ಟವನ್ನು ಒಂದಿಷ್ಟು ಕಡಿಮೆ ಮಾಡಿದನು. ಅದಕ್ಕೂ ಮೊದಲೇ, 1868ರಲ್ಲಿ, ಮಲಗುವ ಬೋಗಿಗಳಿಗೆ ಹೆಸರಾಗಿದ್ದ ಜಾರ್ಜ್ ಪುಲ್‌ಮನ್‌ನು ಬೇರೊಂದು ದಾರಿಯನ್ನು ಹುಡುಕಿದ್ದನು. ಊಟಕ್ಕಾಗಿ ಬಂಡಿಯನ್ನು ನಿಲ್ಲಿಸುವ ಬದಲು ಊಟದ ಮನೆಯನ್ನೇ ಬಂಡಿಗೆ ಜೋಡಿಸಿದನು! ನ್ಯೂಯಾರ್ಕಿನ ಪ್ರಸಿದ್ಧ ಭೋಜನಗೃಹವೊಂದರ ಹೆಸರನ್ನು ಇಟ್ಟುಕೊಂಡು ಆ ಬೋಗಿಯು ‘ಡೆಲ್ಮಾನಿಕೊ’ ಎಂದು ಖ್ಯಾತವಾಯಿತು. 1879ರಲ್ಲಿ ಇಂಗ್ಲೆಂಡಿನ ಲೀಡ್ಸ್ ಮತ್ತು ಲಂಡನ್ ನಗರಗಳ ನಡುವೆಯೂ ಊಟದ ಬೋಗಿ ಓಡತೊಡಗಿತು.

ಆದರೆ ಓಡುತ್ತಿರುವ ಬಂಡಿಯಲ್ಲಿ ಒಂದು ಬೋಗಿಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಆರಂಭದಲ್ಲಿ ಎರಡು ಬೋಗಿಗಳ ನಡುವಣ ತೆರೆದ ಜಾಗವನ್ನು ಗಾಳಿ, ಹೊಗೆ, ಕಿಡಿಗಳ ನಡುವೆ ದಾಟಬೇಕಾಗಿತ್ತು, ಅದು ಅಪಾಯಕರವಾಗಿತ್ತು. 1887ರಲ್ಲಿ ಪುಲ್‌ಮನ್ ಸಂಸ್ಥೆಯು ಬೋಗಿಗಳ ತುದಿಗಳನ್ನು ಮುಚ್ಚಿದ ಓಣಿಯಂತೆ ಕೂಡಿಸುವ ಏರ್ಪಾಡನ್ನು ಬಳಕೆಗೆ ತಂದಿತು. ಊಟದ ಬೋಗಿಯು ಜನಪ್ರಿಯವಾಗಲು ಈ ಸಣ್ಣ ಸುಧಾರಣೆಯೇ ದೊಡ್ಡ ಕಾರಣ. ನಮ್ಮ ದೇಶದಲ್ಲಿ ಬಹುಕಾಲ ಇಂಥ ಓಣಿಗಳಿರಲಿಲ್ಲ. ಒಂದು ನಿಲ್ದಾಣದಲ್ಲಿ ಇಳಿದು ಊಟದ ಬೋಗಿಯನ್ನು ಹತ್ತಿದವರು ಮುಂದಿನ ನಿಲ್ದಾಣ ಬರುವವರೆಗೆ ಅಲ್ಲಿಯೇ ಕುಳಿತಿರಬೇಕಾಗಿತ್ತು.

ಊಟದ ಬೋಗಿಯ ಒಳಗೆ ಒಮ್ಮೆ ಇಣುಕಿ ನೋಡೋಣ. ಬೋಗಿಯ ಒಂದು ಭಾಗದಲ್ಲಿ ಕಿಟಕಿಗಳ ಪಕ್ಕ ಮೇಜುಗಳ ಸಾಲು. ಅವುಗಳ ಮೇಲೆ ಬಿಳಿಯ ವಸ್ತ್ರ, ಹೂದಾನಿ, ಭಾರವಾದ ಪಿಂಗಾಣಿ ತಟ್ಟೆಗಳು. ಸಾಮಾನ್ಯವಾಗಿ ಮೂವತ್ತಾರರಿಂದ ನಲವತ್ತೆಂಟು ಜನರು ಒಟ್ಟಿಗೆ ಕುಳಿತುಕೊಳ್ಳಬಹುದಾಗಿತ್ತು. ಇನ್ನೊಂದು ಭಾಗದಲ್ಲಿ ಇಕ್ಕಟ್ಟಾದ ಅಡಿಗೆಮನೆ. ಒಂದು ಪಕ್ಕದಲ್ಲಿ ಧಗಧಗಿಸುವ ಒಲೆ, ಎದುರುಪಕ್ಕದಲ್ಲಿ ತರಕಾರಿ ಹೆಚ್ಚುವ ಕಟ್ಟೆ, ಮಂಜುಗಡ್ಡೆಯ ಪೆಟ್ಟಿಗೆಗಳು, ಮೇಲೆ ನೀರಿನ ತೊಟ್ಟಿ. ಇವುಗಳ ನಡುವಣ ಕಿರುದಾರಿಯಲ್ಲಿ ಮುಖ್ಯ ಬಾಣಸಿಗನೂ ಅವನ ಸಹಾಯಕರೂ ಭುಜಕ್ಕೆ ಭುಜ ತಾಗಿಸಿಕೊಂಡು ದುಡಿಯುತ್ತಿದ್ದರು. ಬಂಡಿ ತಿರುವಿನಲ್ಲಿ ವಾಲಿದಾಗ ಕುದಿಯುವ ಸಾರು ಚೆಲ್ಲದಂತೆ, ಬಿಸಿ ಎಣ್ಣೆ ಮೈಮೇಲೆ ಬೀಳದಂತೆ ನೋಡಿಕೊಳ್ಳಬೇಕಾಗಿತ್ತು. ಬಡಿಸುವವರಿಗೂ ವಿಶೇಷ ತರಬೇತಿ ಬೇಕಾಗಿತ್ತು. ಒಂದು ಕೈಯಲ್ಲಿ ತುಂಬಿದ ತಟ್ಟೆಗಳನ್ನು ಹೊತ್ತು, ಬಂಡಿಯ ಓಲಾಟಕ್ಕೆ ಸರಿಯಾಗಿ ಹೆಜ್ಜೆ ಇಡುವುದನ್ನು ಅವರು ಅಭ್ಯಾಸ ಮಾಡುತ್ತಿದ್ದರು. ತಮಗೆ ಬೇಕಾದ ತಿನಿಸನ್ನು ಪ್ರಯಾಣಿಕರೇ ಚೀಟಿಯಲ್ಲಿ ಬರೆದುಕೊಡಬೇಕೆಂಬ ನಿಯಮವು ಅನೇಕ ಮಾರ್ಗಗಳಲ್ಲಿತ್ತು. ಬಾಯಿಮಾತಿನ ಬೇಡಿಕೆಯನ್ನು ಬಡಿಸುವವರು ಸ್ವೀಕರಿಸುವಂತಿರಲಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ಮದ್ದೂರು ಬಂದೊಡನೆ ವಡೆಯ ನೆನಪಾಗುತ್ತದೆಯಷ್ಟೆ. ಹಾಗೆಯೇ ಅಮೆರಿಕದ ಒಂದೊಂದು ರೈಲುಮಾರ್ಗಕ್ಕೂ ಅದರದೇ ಆದ ತಿನಿಸು ಗುರುತಾಗಿತ್ತು. ಚೆಸಪೀಕ್ ಕೊಲ್ಲಿಯ ಸಮೀಪದಲ್ಲಿ ಹಾದುಹೋಗುವ ಬಾಲ್ಟಿಮೋರ್ ಮತ್ತು ಓಹಿಯೋ ಮಾರ್ಗದಲ್ಲಿ ಏಡಿ, ಸಿಂಪಿ ಮುಂತಾದ ಕಡಲ ಆಹಾರ ಪ್ರಸಿದ್ಧವಾಗಿತ್ತು. ಸಾಂಟಾ ಫೆ ಮಾರ್ಗದಲ್ಲಿ, ಮೊಟ್ಟೆ ಮತ್ತು ಕೆನೆಯಲ್ಲಿ ಅದ್ದಿ, ಕರಿದು, ಉಬ್ಬುವಂತೆ ಬೇಯಿಸಿದ ರೊಟ್ಟಿಯನ್ನು ಜನರು ಬೆಳಗಿನ ಉಪಾಹಾರಕ್ಕೆ ಮೆಚ್ಚಿ ತಿನ್ನುತ್ತಿದ್ದರು. ಇವೆಲ್ಲಕ್ಕಿಂತ ಸ್ವಾರಸ್ಯಕರವಾದುದು ನಾರ್ದರ್ನ್ ಪೆಸಿಫಿಕ್ ಮಾರ್ಗದ ಆಲೂಗಡ್ಡೆಯ ಕಥೆ.

ಈ ಮಾರ್ಗವು ಅಮೆರಿಕದ ವಾಯವ್ಯ ಭಾಗದ ಯಾಕಿಮಾ ಕಣಿವೆಯ ಮೂಲಕ ಹಾದುಹೋಗುತ್ತಿತ್ತು. ಅಲ್ಲಿಯ ಫಲವತ್ತಾದ ಮಣ್ಣಿನಲ್ಲಿ ಒಂದೊಂದು ಆಲೂಗಡ್ಡೆಯೂ ಎರಡು ಪೌಂಡು, ಅಂದರೆ ಸುಮಾರು ಒಂಬೈನೂರು ಗ್ರಾಮು, ಅಥವಾ ಅದಕ್ಕಿಂತ ಹೆಚ್ಚು ತೂಗುವಂತೆ ಬೆಳೆಯುತ್ತಿತ್ತು. ಇದು ರೈತರ ಭಾಗ್ಯವೆಂದು ನಿಮಗೆ ತೋರಬಹುದು. ವಾಸ್ತವವಾಗಿ ಅದು ಅವರ ಸಂಕಟವಾಗಿತ್ತು. ಅಷ್ಟು ದೊಡ್ಡ, ಒರಟು ಸಿಪ್ಪೆಯ ಗಡ್ಡೆಗಳನ್ನು ಕೊಳ್ಳುವವರಿರಲಿಲ್ಲ. ರೈತರು ಅವನ್ನು ಹಂದಿಗಳಿಗೆ ಹಾಕುತ್ತಿದ್ದರು. ಊಟದ ಬೋಗಿಗಳ ಮೇಲ್ವಿಚಾರಕನಾದ ಹೇಜನ್ ಟೈಟಸ್ ಎಂಬುವನು ಈ ಮಾತನ್ನು ಕೇಳಿ, ಕೆಲವು ಗಡ್ಡೆಗಳನ್ನು ತರಿಸಿ, ನಿಧಾನವಾದ ಶಾಖದಲ್ಲಿ ಸಿಪ್ಪೆಸಹಿತ ಸುಡಿಸಿ ನೋಡಿದನು. ಒಳಗಿನ ತಿರುಳು ಹಿಟ್ಟಿನಂತೆ ಮೃದುವಾಗಿ, ಬೆಣ್ಣೆಯೊಡನೆ ಬಹು ರುಚಿಯಾಗಿತ್ತು. 1909ರಿಂದ ಈ ‘ಮಹಾ ಆಲೂಗಡ್ಡೆ’ ಊಟದ ಬೋಗಿಯ ಮೇಜನ್ನು ಏರಿತು. ಅದನ್ನು ತಿನ್ನಬೇಕೆಂದೇ ಜನರು ಆ ಬಂಡಿಯನ್ನು ಆರಿಸಿಕೊಳ್ಳತೊಡಗಿದರು. ಸಿಯಾಟಲ್ ನಗರದಲ್ಲಿದ್ದ ಸಂಸ್ಥೆಯ ಉಗ್ರಾಣದ ಮೇಲೆ ಭಾರಿ ಆಲೂಗಡ್ಡೆಯ ಪ್ರತಿಕೃತಿಯೊಂದನ್ನು ನಿಲ್ಲಿಸಲಾಯಿತು. ಹಂದಿಗಳ ಪಾಲಾಗುತ್ತಿದ್ದ ಬೆಳೆಗೆ ಬೆಲೆ ಬಂದಿತು. ರೈತನ ಸಂಕಟವು ಪ್ರಯಾಣಿಕನ ಸಂತೋಷವಾಗಿ ಪರಿಣಮಿಸಿತು.

ಇಷ್ಟೆಲ್ಲ ಕೀರ್ತಿ ಇದ್ದರೂ ಊಟದ ಬೋಗಿಗಳಿಂದ ಸಾಮಾನ್ಯವಾಗಿ ಲಾಭ ಬರುತ್ತಿರಲಿಲ್ಲ. ಬೋಗಿಯ ಭಾರ ಹೆಚ್ಚು, ಕೆಲಸಗಾರರು ಹಲವರು, ಉಣ್ಣುವವರು ದಿನಕ್ಕೆ ಕೆಲವೇ ಗಂಟೆಗಳ ಕಾಲ ಮಾತ್ರ. ಆದರೂ ಒಳ್ಳೆಯ ಊಟ ಹಾಕುವ ಬಂಡಿಗೆ ಜನರು ಮತ್ತೆ ಬರುತ್ತಾರೆಂಬ ನಂಬಿಕೆಯಿಂದ ಸಂಸ್ಥೆಗಳು ಈ ನಷ್ಟವನ್ನು ಸಹಿಸಿಕೊಂಡವು.

ಈ ರುಚಿಯನ್ನು ಸೃಷ್ಟಿಸಿದ ಕೈಗಳು ಯಾರವು? ಅಮೆರಿಕದ ಊಟದ ಬೋಗಿಗಳಲ್ಲಿ ಅಡಿಗೆ ಮಾಡಿದವರೂ ಬಡಿಸಿದವರೂ ಬಹುಪಾಲು ಕಪ್ಪು ಜನಾಂಗದವರು. ಅವರ ತಂದೆತಾಯಿಗಳು, ಕೆಲವೊಮ್ಮೆ ಅವರೇ, ಗುಲಾಮರಾಗಿ ಹುಟ್ಟಿದವರು. ರೂಫಸ್ ಎಸ್ಟಿಸ್ ಎಂಬುವರು 1857ರಲ್ಲಿ ಟೆನೆಸಿ ಪ್ರಾಂತದಲ್ಲಿ ಗುಲಾಮರಾಗಿ ಜನಿಸಿದರು. ಅವರಿಗೆ ದೊರೆತ ಮನೆತನದ ಹೆಸರೂ ಒಡೆಯನದೇ. ಐದನೆಯ ವಯಸ್ಸಿನಲ್ಲಿಯೇ ಅವರು ಕಾಲು ಮೈಲಿ ದೂರದ ಚಿಲುಮೆಯಿಂದ ನೀರು ಹೊರುತ್ತಿದ್ದರು. 1865ರಲ್ಲಿ ಗುಲಾಮಗಿರಿ ರದ್ದಾಯಿತು. 1883ರಲ್ಲಿ ಎಸ್ಟಿಸ್ ಪುಲ್‌ಮನ್ ಸಂಸ್ಥೆಯನ್ನು ಸೇರಿದರು. ಗಣ್ಯರ ವಿಶೇಷ ಬೋಗಿಗಳಲ್ಲಿ ಕೆಲಸ ಮಾಡುತ್ತ, ಕ್ಲೀವ್‌ಲ್ಯಾಂಡ್ ಮತ್ತು ಹ್ಯಾರಿಸನ್ ಎಂಬ ಇಬ್ಬರು ರಾಷ್ಟ್ರಾಧ್ಯಕ್ಷರಿಗೂ ಸೇವೆ ಸಲ್ಲಿಸಿದರು. 1911ರಲ್ಲಿ ತಮ್ಮ ಪಾಕಜ್ಞಾನವನ್ನೆಲ್ಲ ಒಂದು ಗ್ರಂಥವಾಗಿ ಪ್ರಕಟಿಸಿದರು. ಬಾಲ್ಯದಲ್ಲಿ ಸ್ವಂತ ಹೆಸರಿಗೂ ಹಕ್ಕಿಲ್ಲದಿದ್ದ ವ್ಯಕ್ತಿಯು ತಮ್ಮ ವಿದ್ಯೆಯನ್ನು ತಮ್ಮ ಹೆಸರಿನಲ್ಲಿಯೇ ಲೋಕಕ್ಕೆ ನೀಡಿದರು.

ವಿಪರ್ಯಾಸವೆಂದರೆ, ಅಡಿಗೆ ಮಾಡುವುದಕ್ಕೆ ಅಡ್ಡಿಯಾಗದ ಮೈಬಣ್ಣವು ಕುಳಿತು ಉಣ್ಣುವುದಕ್ಕೆ ಅಡ್ಡಿಯಾಗುತ್ತಿತ್ತು. ಒಂದೇ ಸಾಲಿನಲ್ಲಿ ಕುಳಿತವರಿಗೆ ಬೇರೆ ಬೇರೆ ರೀತಿಯಲ್ಲಿ ಬಡಿಸುವುದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಕರೆದರು. ಅದನ್ನು ಪಾಪವೆಂದೂ ಎಣಿಸಿದರು. ಅಮೆರಿಕದ ದಕ್ಷಿಣ ಭಾಗದ ರೈಲುಗಳಲ್ಲಿ ಇಂಥ ಪಂಕ್ತಿಭೇದವು ನಿಯಮವೇ ಆಗಿತ್ತು. ಅಡಿಗೆಮನೆಗೆ ಹತ್ತಿರದ ಒಂದೆರಡು ಮೇಜುಗಳನ್ನು ಮಾತ್ರ ಕಪ್ಪು ಜನರಿಗೆಂದು ಇರಿಸಿ, ನಡುವೆ ಪರದೆ ಎಳೆಯುತ್ತಿದ್ದರು. ಬಿಳಿಯರ ಸಂಖ್ಯೆ ಹೆಚ್ಚಾದರೆ ಆ ಮೇಜುಗಳೂ ಅವರಿಗೇ ಹೋಗುತ್ತಿದ್ದವು.

1942ರ ಮೇ ತಿಂಗಳಲ್ಲಿ ಎಲ್ಮರ್ ಹೆಂಡರ್ಸನ್ ಎಂಬ ಕಪ್ಪು ಜನಾಂಗದ ಸರ್ಕಾರಿ ಅಧಿಕಾರಿಯು ಸದರ್ನ್ ರೈಲುಮಾರ್ಗದ ಬಂಡಿಯಲ್ಲಿ ವಾಷಿಂಗ್ಟನ್‌ನಿಂದ ಬರ್ಮಿಂಗ್‌ಹ್ಯಾಮಿಗೆ ಹೊರಟಿದ್ದರು. ಸಂಜೆ ಐದೂವರೆಗೆ ಊಟದ ಕರೆ ಬಂದಾಗ ಅವರು ಊಟದ ಬೋಗಿಗೆ ಹೋದರು. ಅವರಿಗೆಂದು ಇದ್ದ ಮೇಜುಗಳಲ್ಲಿ ಆಗಲೇ ಬಿಳಿಯ ಪ್ರಯಾಣಿಕರು ಕುಳಿತಿದ್ದರು. ಅಲ್ಲಿ ಒಂದು ಆಸನವಾದರೂ ಖಾಲಿಯಿದ್ದಿತು. ಆದರೂ ಅವರನ್ನು ಕೂಡಿಸಲಿಲ್ಲ; ಆಮೇಲೆ ಕರೆಯುವುದಾಗಿ ಹೇಳಿ ಕಳುಹಿಸಿದರು. ಕರೆ ಬರಲಿಲ್ಲ. ಅವರು ಮತ್ತೆ ಎರಡು ಸಲ ಹೋಗಿ ಬಂದರು. ರಾತ್ರಿ ಒಂಬತ್ತಕ್ಕೆ ಊಟದ ಬೋಗಿಯನ್ನೇ ಬಂಡಿಯಿಂದ ಕಳಚಲಾಯಿತು. ಹೆಂಡರ್ಸನ್ ಉಪವಾಸವಿದ್ದರು.

ಅವರು ಇದನ್ನು ಹಣೆಬರಹವೆಂದು ಸುಮ್ಮನಾಗಲಿಲ್ಲ. ದೂರು ಸಲ್ಲಿಸಿದರು, ಎಂಟು ವರ್ಷ ಹೋರಾಡಿದರು. 1950ರ ಜೂನ್ 5ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪು ನೀಡಿತು. ಟಿಕೆಟು ಕೊಂಡ ಪ್ರತಿಯೊಬ್ಬ ಪ್ರಯಾಣಿಕನಿಗೂ ಊಟದ ಬೋಗಿಯಲ್ಲಿ ಸಮಾನ ಹಕ್ಕಿದೆಯೆಂದೂ, ಅಲ್ಲಿಯ ಪರದೆ, ಅಡ್ಡಗೋಡೆ, ಫಲಕಗಳು ಈ ಭೇದವು ಎಷ್ಟು ಕೃತಕವಾದುದೆಂಬುದನ್ನೇ ತೋರಿಸುತ್ತವೆಯೆಂದೂ ನ್ಯಾಯಾಲಯವು ಹೇಳಿತು. ದೇಶದಲ್ಲಿ ವರ್ಣಭೇದವು ಆ ಒಂದು ತೀರ್ಪಿನಿಂದ ಕೊನೆಗಾಣಲಿಲ್ಲ. ಆದರೆ ಊಟದ ಬೋಗಿಯ ಪರದೆಗೆ ಕಾನೂನಿನ ಆಸರೆ ತಪ್ಪಿತು.

ಇದನ್ನು ಓದುವಾಗ ನಾವು ಅನ್ಯರ ತಪ್ಪನ್ನು ಮಾತ್ರ ಎಣಿಸುವುದು ತರವಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮ ರೈಲುನಿಲ್ದಾಣಗಳಲ್ಲಿ ‘ಹಿಂದೂ ನೀರು’, ‘ಮುಸ್ಲಿಂ ನೀರು’ ಎಂದು ಬೇರೆ ಬೇರೆ ಇಡುತ್ತಿದ್ದರು. ಉಪಾಹಾರದ ಕೊಠಡಿಗಳೂ ಬೇರೆಯಾಗಿದ್ದವು. ಊರ ಬಾವಿಯ ನೀರನ್ನೇ ಮುಟ್ಟಲಾಗದ ಜನರೂ ನಮ್ಮಲ್ಲಿದ್ದರು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಜಾತಿ, ಮತ, ಜನಾಂಗ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾರನ್ನೂ ಸಾರ್ವಜನಿಕ ಭೋಜನಗೃಹಗಳಿಂದ ದೂರವಿಡಬಾರದೆಂದು 15ನೆಯ ವಿಧಿಯು ಸಾರಿತು. ದೂರದ ಎರಡು ದೇಶಗಳಲ್ಲಿ ಒಂದೇ ವರ್ಷ ಊಟದ ಪಂಕ್ತಿಯ ಸಮಾನತೆಗೆ ಕಾನೂನಿನ ಬೆಂಬಲ ದೊರೆತದ್ದು ಸ್ಮರಣೀಯವಾದ ಸಂಗತಿ.

ವಿಮಾನಗಳೂ ವಿಶಾಲವಾದ ರಸ್ತೆಗಳೂ ಹೆಚ್ಚಿದಂತೆ ಊಟದ ಬೋಗಿಗಳ ವೈಭವ ಕುಗ್ಗಿತು. ಜಪಾನಿನ ಅತಿವೇಗದ ಶಿಂಕಾನ್ಸೆನ್ ಬಂಡಿಗಳಲ್ಲಿ 2000ದಲ್ಲಿ ಅವು ಕೊನೆಗೊಂಡವು. ನಮ್ಮ ದೇಶದ ಹೆಚ್ಚಿನ ಬಂಡಿಗಳಲ್ಲಿ ಈಗ ಊಟವೇ ಪ್ರಯಾಣಿಕನ ಆಸನಕ್ಕೆ ಬರುತ್ತದೆ. ಆದರೂ ಹಳೆಯ ಪದ್ಧತಿ ಪೂರ್ಣವಾಗಿ ಅಳಿದಿಲ್ಲ. 1930ರಲ್ಲಿ ಆರಂಭವಾಗಿ ಮುಂಬಯಿ–ಪುಣೆ ನಡುವೆ ಓಡುತ್ತಿರುವ ಡೆಕ್ಕನ್ ಕ್ವೀನ್ ಬಂಡಿಗೆ 2022ರಲ್ಲಿ ಹೊಸ ಬೋಗಿಗಳು ಬಂದಾಗಲೂ ಊಟದ ಬೋಗಿಯನ್ನು ಉಳಿಸಿಕೊಳ್ಳಲಾಯಿತು. ಅದರ ಚೀಸ್ ಟೋಸ್ಟ್, ಆಮ್ಲೆಟ್, ಕಟ್ಲೆಟ್‌ಗಳನ್ನು ಪ್ರಯಾಣಿಕರು ಅಭಿಮಾನದಿಂದ ನೆನೆಯುತ್ತಾರೆ. 2008ರಲ್ಲಿ ಆರಂಭವಾದ ಕರ್ನಾಟಕದ ವೈಭವದ ಪ್ರವಾಸಿ ಬಂಡಿಯಾದ ಸುವರ್ಣ ರಥದ ಎರಡು ಊಟದ ಬೋಗಿಗಳಿಗೆ ‘ನಳ’ ಮತ್ತು ‘ರುಚಿ’ ಎಂದು ಹೆಸರಿಡಲಾಯಿತು. ಪಾಕಶಾಸ್ತ್ರದಲ್ಲಿ ನಿಪುಣನಾದ ನಳಮಹಾರಾಜನ ಹೆಸರು ಅಲ್ಲಿ ಎಷ್ಟು ಸಹಜವಾಗಿದೆ!

ಯಂತ್ರವು ಬಂಡಿಯನ್ನು ಓಡಿಸಬಲ್ಲದು, ಒಲೆಯು ಅನ್ನವನ್ನು ಬೇಯಿಸಬಲ್ಲದು. ಆದರೆ ಅಪರಿಚಿತನಿಗೆ ಪಕ್ಕದಲ್ಲಿ ಜಾಗ ಬಿಟ್ಟುಕೊಡುವ ಕೆಲಸವನ್ನು ಮನುಷ್ಯನೇ ಮಾಡಬೇಕು. ರೈಲಿನಲ್ಲಿ ಬುತ್ತಿ ಬಿಚ್ಚಿದಾಗ ಎದುರಿಗೆ ಕುಳಿತವರ ಊರು, ಕುಲಗಳನ್ನು ವಿಚಾರಿಸದೆ, “ತಾವೂ ಸ್ವಲ್ಪ ತೆಗೆದುಕೊಳ್ಳಿ” ಎನ್ನುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಹೆಂಡರ್ಸನ್ ಅವರು ಎಂಟು ವರ್ಷ ಹೋರಾಡಿ ಪಡೆದುದು ಆ ಮಾತಿನಲ್ಲಿರುವ ಗೌರವವನ್ನೇ.