ಅಫಿಲಿಯೇಟ್ ಮಾರ್ಕೆಟಿಂಗ್: ದುಡ್ಡು ಇರೋದು ಲಿಂಕ್‌ನಲ್ಲೋ, ಕೋರ್ಸ್‌ನಲ್ಲೋ?

ಮೂರು ತಿಂಗಳ ಹಿಂದೆ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಬಿ.ಇ. ಮುಗಿಸಿ ಒಂದೂವರೆ ವರ್ಷವಾಗಿದೆ, ಹಾಸನದ ಹತ್ತಿರದ ಊರಲ್ಲಿ ಮನೆಯಲ್ಲೇ ಇದ್ದಾನೆ. “ಅಕ್ಕಾ, ಒಂದು ಐದು ಸಾವಿರ ಹಾಕ್ತೀಯಾ? ಎರಡೇ ತಿಂಗಳಲ್ಲಿ ವಾಪಸ್ ಕೊಡ್ತೀನಿ” ಅಂದ. ಯಾಕೋ ಎಂದು ಕೇಳಿದರೆ, ಅಫಿಲಿಯೇಟ್ ಮಾರ್ಕೆಟಿಂಗ್ ಕೋರ್ಸ್ ಸೇರಬೇಕಂತೆ. ಕಲಿಸುವ ‘ಸರ್’ ಇವನಿಗಿಂತ ಎರಡು ವರ್ಷ ದೊಡ್ಡವರು. ಅವರ ರೀಲ್‌ನಲ್ಲಿ ಬೈಕು, ಗೋವಾ ಬೀಚು, ಒಂದೇ ತಿಂಗಳಲ್ಲಿ ಬಂದ 1.8 ಲಕ್ಷ ರೂಪಾಯಿಯ ಸ್ಕ್ರೀನ್‌ಶಾಟ್.

“ಸರಿ, ಆ ಸರ್ ಮಾರೋದು ಏನನ್ನ?”

“ಅಫಿಲಿಯೇಟ್ ಅಕ್ಕ.”

“ಅದು ಮಾರೋ ವಿಧಾನ ಕಣೋ. ಮಾರೋ ಸಾಮಾನು ಯಾವುದು?”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, “ಇದೇ ಕೋರ್ಸು” ಅಂದ.

ಇಡೀ ವ್ಯವಹಾರದ ಗುಟ್ಟು ಈ ಎರಡು ಪದಗಳಲ್ಲಿದೆ. ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಲಿಂಕ್ ಎಂಬ ಹೊಸ ದಲ್ಲಾಳಿ

ಅಫಿಲಿಯೇಟ್ ಮಾರ್ಕೆಟಿಂಗ್ ಮೋಸವಲ್ಲ. ಎಪಿಎಂಸಿ ನೋಡಿದವರಿಗೆ ದಲ್ಲಾಳಿ ಯಾರೆಂದು ಹೇಳಬೇಕಿಲ್ಲ. ಮಾಲು ಅವನದಲ್ಲ, ಕೊಳ್ಳುವವನೂ ಅವನಲ್ಲ, ಇಬ್ಬರನ್ನೂ ಸೇರಿಸಿದ್ದಕ್ಕೆ ಕಮಿಷನ್. ಅಫಿಲಿಯೇಟ್ ಕೂಡ ಇದೇ. ನೀವೊಂದು ಮಿಕ್ಸಿ ಬಗ್ಗೆ ವಿಡಿಯೊ ಮಾಡಿ ಕೆಳಗೆ ನಿಮ್ಮ ಗುರುತಿನ ಲಿಂಕ್ ಹಾಕುತ್ತೀರಿ. ಅದನ್ನು ಒತ್ತಿ ಹೋದವರು ಕೊಂಡರೆ ಕಂಪನಿ ನಿಮಗೊಂದು ಪಾಲು ಕೊಡುತ್ತದೆ. ಅಮೆಜಾನ್ ಇದನ್ನು 1996ರಿಂದ ನಡೆಸುತ್ತಿದೆ.

ಆದರೆ ಲೆಕ್ಕ ಹಾಕಿ ನೋಡಿ. ಮಿಕ್ಸಿ ಬೆಲೆ 3,000 ರೂ., ಕಮಿಷನ್ ಶೇ.5 ಎಂದಿಟ್ಟುಕೊಳ್ಳೋಣ. ಒಂದಕ್ಕೆ 150 ರೂ. ಸಿಗುತ್ತದೆ. ತಿಂಗಳಿಗೆ 15,000 ರೂ. ಬೇಕೆಂದರೆ 100 ಮಿಕ್ಸಿ ಮಾರಬೇಕು. ಲಿಂಕ್ ಒತ್ತಿದ ನೂರು ಜನರಲ್ಲಿ ಇಬ್ಬರು ಕೊಂಡರು ಅಂದುಕೊಂಡರೆ 5,000 ಜನ ಒತ್ತಬೇಕು. ವಿಡಿಯೊ ನೋಡಿದ ಐವತ್ತು ಜನರಲ್ಲಿ ಒಬ್ಬರು ಒತ್ತುತ್ತಾರೆ ಎಂದರೆ ತಿಂಗಳಿಗೆ ಎರಡೂವರೆ ಲಕ್ಷ ವೀಕ್ಷಣೆ ಬೇಕು. ಅದೂ ಮಿಕ್ಸಿ ಕೊಳ್ಳುವ ಮನಸ್ಸಿರುವವರದ್ದು!

ಇದರ ಮೇಲೆ ಷರತ್ತುಗಳು. ಅಮೆಜಾನ್‌ನಲ್ಲಿ ನಿಮ್ಮ ಲಿಂಕ್ ಒತ್ತಿದವರು 24 ಗಂಟೆಯೊಳಗೆ ಆ ವಸ್ತುವನ್ನು ಕಾರ್ಟ್‌ಗಾದರೂ ಹಾಕಬೇಕು. ತಡವಾದರೆ ಆ ಮಾರಾಟ ನಿಮ್ಮದಲ್ಲ. ಕೊಂಡವರು ವಾಪಸ್ ಕಳಿಸಿದರೆ ಕಮಿಷನ್ನೂ ವಾಪಸ್. ದರ ಕಂಪನಿಯ ಮರ್ಜಿ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲೇ, ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ಶೇ.8ರಿಂದ 3ಕ್ಕೆ, ದಿನಸಿಯದ್ದನ್ನು ಶೇ.5ರಿಂದ 1ಕ್ಕೆ ಇಳಿಸಿತು. ವರ್ಷಗಟ್ಟಲೆ ಬರೆದು ಓದುಗರನ್ನು ಕಟ್ಟಿಕೊಂಡಿದ್ದವರ ಗಳಿಕೆ ಒಂದೇ ಪ್ರಕಟಣೆಯಲ್ಲಿ ಕುಸಿಯಿತು.

ಅಂದರೆ ಇದು ಕೆಲಸ. ನಿಧಾನದ, ಬೋರು ಹೊಡೆಸುವ, ಯಜಮಾನನ ಹಿಡಿತದಲ್ಲಿರುವ ಕೆಲಸ. ರೀಲ್‌ನಲ್ಲಿ ತೋರಿಸಲು ಏನೂ ಇಲ್ಲ.

ಕೋರ್ಸ್‌ನ ಲೆಕ್ಕವೇ ಬೇರೆ

ಈಗ 5,000 ರೂಪಾಯಿಯ ಕೋರ್ಸ್ ನೋಡಿ. ಒಮ್ಮೆ ರೆಕಾರ್ಡ್ ಮಾಡಿದರೆ ಮುಗಿಯಿತು. ಎರಡನೆಯ ಪ್ರತಿಗೆ ಹೆಚ್ಚುಕಮ್ಮಿ ಖರ್ಚೇ ಇಲ್ಲ. ಗೋಡೌನ್ ಬೇಡ, ಡೆಲಿವರಿ ಹುಡುಗ ಬೇಡ. ಹಾಗಾಗಿ ಮಾರಿಕೊಟ್ಟವರಿಗೆ 3,000 ರೂ. ಕೊಟ್ಟರೂ ಕಂಪನಿಗೆ ಲಾಭವೇ. 15,000ಕ್ಕೆ 100 ಮಿಕ್ಸಿ ಮಾರುವ ಬದಲು ಐದು ಜನಕ್ಕೆ ಕೋರ್ಸ್ ಮಾರಿದರೆ ಸಾಕು. ಐದು ಜನ ಯಾರಿಗೆ ಸಿಗಲ್ಲ? ರೂಮ್‌ಮೇಟ್, ಕ್ಲಾಸ್‌ಮೇಟ್, ಅತ್ತೆ ಮಗ, ದುಡ್ಡಿರುವ ಅಕ್ಕ.

ತೊಡಕು ಇಲ್ಲೇ ಇರೋದು. ಕೊಂಡವರೂ 15,000 ಗಳಿಸಬೇಕಲ್ಲ? ಅವರೂ ತಲಾ ಐವರಿಗೆ ಮಾರಬೇಕು. ಒಬ್ಬನಿಂದ 5, 5ರಿಂದ 25, 25ರಿಂದ 125. ಹೀಗೆ 11 ಸುತ್ತು ಮುಗಿಯುವಾಗ ಸರಪಳಿಯಲ್ಲಿರುವವರ ಒಟ್ಟು ಸಂಖ್ಯೆ 6.10 ಕೋಟಿ. 2011ರ ಜನಗಣತಿ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಹಸುಗೂಸನ್ನೂ ಬಿಡದೆ ಇಡೀ ರಾಜ್ಯ ಆ ಕೋರ್ಸ್ ಕೊಂಡಿರಬೇಕು. ಅದರಲ್ಲಿ ಕೊನೆಯ ಸುತ್ತಿನಲ್ಲಿ ಸೇರಿದ 4.88 ಕೋಟಿ ಜನ, ಅಂದರೆ ಶೇ.80ರಷ್ಟು ಮಂದಿ, ದುಡ್ಡು ಕೊಟ್ಟವರೇ ಹೊರತು ಪಡೆದವರಲ್ಲ.

ಇನ್ನೊಂದು ವಿಷಯ ಗಮನಿಸಿ. ಸರಪಳಿ ಮೂರನೇ ಸುತ್ತಿಗೆ ನಿಂತರೂ, ಹನ್ನೊಂದನೇ ಸುತ್ತಿಗೆ ನಿಂತರೂ ಆ ಶೇ.80 ಬದಲಾಗುವುದಿಲ್ಲ. ಪ್ರತಿಯೊಬ್ಬರೂ ಐವರನ್ನು ಸೇರಿಸಲೇಬೇಕಾದ ಯಾವ ಸರಪಳಿಯಲ್ಲೂ ಐವರಲ್ಲಿ ನಾಲ್ವರು ಬಾಗಿಲ ಬಳಿಯೇ ನಿಂತಿರುತ್ತಾರೆ. ಅವರು ಸೋತದ್ದು ಸೋಮಾರಿಗಳು ಎಂಬ ಕಾರಣಕ್ಕಲ್ಲ. ಗುಣಾಕಾರವೇ ಹಾಗಿದೆ.

ನಾನು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ಇದೇ ಲೆಕ್ಕವನ್ನು ಹೋಟೆಲ್ ಹಾಲ್‌ನಲ್ಲಿ, ಟೈ ಕಟ್ಟಿಕೊಂಡ ಸೀನಿಯರ್ ಒಬ್ಬರು ಬಿಳಿ ಬೋರ್ಡ್ ಮೇಲೆ ಬರೆದು ತೋರಿಸಿದ್ದರು. ಆಗ ಅದಕ್ಕೆ ‘ಚೈನ್ ಲಿಂಕ್’ ಅನ್ನುತ್ತಿದ್ದೆವು. ಸೋಪು, ಪೌಡರ್ ಡಬ್ಬಗಳು ಕೊನೆಗೆ ಮನೆಯ ಅಟ್ಟದ ಮೇಲಾದರೂ ಉಳಿಯುತ್ತಿದ್ದವು. ಈಗ ಅಟ್ಟಕ್ಕೂ ಕೆಲಸವಿಲ್ಲ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ

ಗಳಿಸುವ ದಾರಿ ಹೇಳಿಕೊಡುವವರ ಗಳಿಕೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ದಾಖಲೆಯಲ್ಲಿರುವ ಎರಡು ಪ್ರಕರಣ ನೋಡಿ.

2018ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ‘ಮೋಬ್’ ಎಂಬ ಸಂಸ್ಥೆಯ ವಿರುದ್ಧ ಕೋರ್ಟ್‌ಗೆ ಹೋಯಿತು. ಆನ್‌ಲೈನ್ ವ್ಯವಹಾರಕ್ಕೆ 21 ಹೆಜ್ಜೆಗಳ ಸೂತ್ರ, ಬೆಲೆ ಬರೀ 49 ಡಾಲರ್. ಒಳಗೆ ಹೋದ ಮೇಲೆ ಒಂದಾದ ಮೇಲೊಂದು ಸಾವಿರಾರು ಡಾಲರ್‌ಗಳ ಸದಸ್ಯತ್ವ. ಸೂತ್ರ ಏನೆಂದರೆ, ಅದೇ ಸದಸ್ಯತ್ವವನ್ನು ಇನ್ನೊಬ್ಬರಿಗೆ ಮಾರಿ ಕಮಿಷನ್ ಪಡೆಯುವುದು! ಜನ ಕಳೆದುಕೊಂಡದ್ದು 12.5 ಕೋಟಿ ಡಾಲರ್‌ಗೂ ಹೆಚ್ಚು ಎಂದು ಕಮಿಷನ್ ಹೇಳಿತು.

ಇನ್ನೊಂದು ನಮ್ಮದೇ ದೇಶದ್ದು, ಷೇರು ಪೇಟೆಯದ್ದು. 2023ರ ಅಕ್ಟೋಬರ್‌ನಲ್ಲಿ ಸೆಬಿ ‘ಬಾಪ್ ಆಫ್ ಚಾರ್ಟ್’ ಹೆಸರಿನಲ್ಲಿ ಟ್ರೇಡಿಂಗ್ ಕೋರ್ಸ್ ಮಾರುತ್ತಿದ್ದವರ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿತು. ಕೋರ್ಸ್‌ಗಳಿಂದ ಸಂಗ್ರಹವಾಗಿದ್ದ 17.2 ಕೋಟಿ ರೂ. ಪ್ರತ್ಯೇಕ ಖಾತೆಯಲ್ಲಿಡಲು ಹೇಳಿತು. ಗುರುವಿನ ಸ್ವಂತ ಟ್ರೇಡಿಂಗ್? 2021ರ ಜನವರಿಯಿಂದ 2023ರ ಜುಲೈವರೆಗೆ 2.89 ಕೋಟಿ ರೂ. ನಿವ್ವಳ ನಷ್ಟ ಎಂದಿದೆ ಆ ಆದೇಶ.

“ಕೋಚ್ ಆದವನು ಬ್ಯಾಟಿಂಗ್‌ನಲ್ಲೂ ಸೆಂಚುರಿ ಹೊಡೀಬೇಕಾ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಲಹೆ ಮಾರುವುದು ತಪ್ಪಲ್ಲ. ಟೈಲರಿಂಗ್ ಕಲಿಸುವವರು ಫೀಸು ತಗೊಳ್ತಾರೆ, ಟ್ಯಾಲಿ ಕಲಿಸುವವರೂ ತಗೊಳ್ತಾರೆ. ಆದರೆ ಕೋಚ್‌ನನ್ನು ಅಳೆಯುವುದು ಅವನ ಹುಡುಗರ ರನ್‌ಗಳಿಂದ. ಟೈಲರಿಂಗ್ ಕಲಿತವರು ಬ್ಲೌಸ್ ಹೊಲಿದು ದುಡಿಯುತ್ತಾರೆ, ಟೈಲರಿಂಗ್ ಕ್ಲಾಸಿಗೆ ಜನ ಸೇರಿಸಿ ಅಲ್ಲ. ಕಲಿತ ವಿದ್ಯೆಗೆ ಕ್ಲಾಸಿನ ಹೊರಗೆ ಗಿರಾಕಿ ಇದ್ದರೆ ಅದು ಶಿಕ್ಷಣ. ಕ್ಲಾಸಿನ ಒಳಗೆ ಮಾತ್ರ ಗಿರಾಕಿ ಇದ್ದರೆ ಅದು ಸರಪಳಿ.

ಕಾನೂನು ಎಲ್ಲಿದೆ?

1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಇದೆ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲ 10 ಲಕ್ಷ ರೂ.ವರೆಗೆ ದಂಡ ಹಾಕಬಹುದು. ಇನ್‌ಫ್ಲುಯೆನ್ಸರ್‌ಗಳು ದುಡ್ಡು ಪಡೆದು ಹೊಗಳಿದರೆ ಅದು ಜಾಹೀರಾತು ಎಂದು ಸ್ಪಷ್ಟವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿದೆ.

ಆದರೆ ಕೋರ್ಸ್ ಕಂಪನಿಗಳ ಜಾಣ ಉತ್ತರ ಸಿದ್ಧವಿರುತ್ತದೆ: “ನಾವು ಮಾರೋದು ಶಿಕ್ಷಣ, ಸದಸ್ಯತ್ವ ಅಲ್ಲ.” ಇದಕ್ಕೆ ಅಮೆರಿಕದ ಒಂದು ನಿಯಮ ದಾರಿ ತೋರುತ್ತದೆ. ಅಲ್ಲಿ ಬಿಸಿನೆಸ್ ಅವಕಾಶ ಮಾರುವವರು ‘ಇಷ್ಟು ಗಳಿಸಬಹುದು’ ಎಂದರೆ, ಕೊಂಡವರಲ್ಲಿ ಎಷ್ಟು ಜನ, ಶೇಕಡಾ ಎಷ್ಟು ಮಂದಿ ಅಷ್ಟು ಗಳಿಸಿದ್ದಾರೆಂದು ಬರಹದಲ್ಲಿ ಕೊಡಬೇಕು. ಗಳಿಕೆಯ ಆಸೆ ತೋರಿಸಿ ಮಾರುವ ಪ್ರತಿ ಕೋರ್ಸ್‌ಗೂ ಇಲ್ಲಿ ಅದನ್ನೇ ಕಡ್ಡಾಯ ಮಾಡಬೇಕು. ಗೆದ್ದ ಐವರ ಸ್ಕ್ರೀನ್‌ಶಾಟ್ ಸಾಲದು, ಸೇರಿದ ಎಲ್ಲರ ಲೆಕ್ಕ ಬೇಕು.

ಯುವಕರನ್ನು ‘ದುರಾಸೆಯವರು’ ಅಂತ ಬೈಯುವುದು ಸುಲಭ. ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ನಮ್ಮ ರಾಜ್ಯ ಯುವನಿಧಿಯಲ್ಲಿ ತಿಂಗಳಿಗೆ 3,000 ರೂ. ಕೊಡುತ್ತಿದೆ. ಅಂಥವರು ಎಷ್ಟಿದ್ದಾರೆಂದು ಸರ್ಕಾರಕ್ಕೂ ಗೊತ್ತು, ರೀಲ್ ಮಾಡುವವರಿಗೂ ಗೊತ್ತು. ಮನೆಯಲ್ಲಿ ಅಪ್ಪನ ಮುಖ ನೋಡಲಾಗದೆ ಕೂತ ಹುಡುಗನಿಗೆ 1.8 ಲಕ್ಷ ಆಸೆಯಲ್ಲ, ಮರ್ಯಾದೆ. ಈ ಧಂದೆಯ ಕಚ್ಚಾ ಮಾಲು ನಿರುದ್ಯೋಗ. ಅದಿರುವವರೆಗೆ ಒಂದು ಕಂಪನಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ.

ಈಗಾಗಲೇ ದುಡ್ಡು ಕಟ್ಟಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಸೈಬರ್ ವಂಚನೆಯಾಗಿದ್ದರೆ 1930. ಪಾವತಿ ರಸೀದಿ, ಚಾಟ್, ಆ ರೀಲ್ ಎಲ್ಲವನ್ನೂ ಉಳಿಸಿಕೊಳ್ಳಿ. ಮುಖ್ಯವಾಗಿ, ಹೋದ ದುಡ್ಡು ವಾಪಸ್ ಪಡೆಯಲು ನಿಮ್ಮ ಗೆಳೆಯರನ್ನು ಸೇರಿಸಬೇಡಿ.

ನನ್ನ ತಮ್ಮ ದುಡ್ಡು ಕಟ್ಟುವ ಮೊದಲು ‘ಸರ್’ಗೆ ಮೆಸೇಜ್ ಹಾಕಿದ: “ಈ ಕೋರ್ಸ್ ಬಿಟ್ಟು ಬೇರೆ ಏನು ಮಾರಿ ಗಳಿಸಿದ್ದೀರಿ?” ಬಂದ ಉತ್ತರ: “ನೆಗೆಟಿವ್ ಮೈಂಡ್‌ಸೆಟ್ ಇರೋರು ಬೆಳೆಯಲ್ಲ ಬ್ರೋ.” ಮರುದಿನ ಬ್ಲಾಕ್.

ಆಮೇಲೆ ಅವನು ಅಪ್ಪನ ಶುಂಠಿ ಹೊಲದಲ್ಲಿ ನಿಂತು, ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಬಗ್ಗೆ ಕನ್ನಡದಲ್ಲೊಂದು ವಿಡಿಯೊ ಮಾಡಿ ಲಿಂಕ್ ಹಾಕಿದ. ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತೆ, ಬೆಲ್ಟ್ ಯಾವ ಕಡೆ ಕಿತ್ತುಹೋಗುತ್ತೆ, ಎಲ್ಲ ಹೇಳಿದ್ದಾನೆ. ಮೊದಲ ತಿಂಗಳ ಕಮಿಷನ್ 212 ರೂ. “ಕೆಲಸ ಹುಡುಕೋದು ನಿಲ್ಲಿಸಬೇಡ” ಅಂದೆ. “ಇಲ್ಲ ಅಕ್ಕ” ಅಂದವನು, “ಆದ್ರೆ ಅರಕಲಗೂಡಿನವರೊಬ್ಬರು ನಾಜಲ್ ಬಗ್ಗೆ ಕೇಳವ್ರೆ, ಅವರಿಗೆ ಉತ್ತರ ಹಾಕಿ ಮಾತಾಡ್ತೀನಿ” ಅಂತ ಫೋನ್ ಇಟ್ಟ.