ನೀರು ಹಾಕಿ ಕೊಲ್ಲಬೇಡಿ

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಲ್ಲಿ, ಮಾರ್ಚ್ ತಿಂಗಳ ಬೆಳಗ್ಗೆ ಬಿಸಿಲೇರುವ ಮುಂಚೆ ಗ್ಲೋಬ್‌ಮ್ಯಾಲೋ ಹೂವೊಳಗೆ ಇಣುಕಿದರೆ ಒಮ್ಮೊಮ್ಮೆ ಪುಟ್ಟದೊಂದು ಜೇನುಹುಳ ಮುದುಡಿ ಬಿದ್ದಿರುತ್ತದೆ. ಸತ್ತಿಲ್ಲ, ನಿದ್ದೆ ಹೊಡೆಯುತ್ತಿದೆ. ಡಯಾಡೇಶಿಯಾ ಎಂಬ ಒಂಟಿ ಜೇನಿನ ಗಂಡು ಅದು. ಗಂಡಿಗೆ ಗೂಡಿಲ್ಲ. ಸಂಜೆ ದಳ ಮುದುಡುವ ಹೊತ್ತಿಗೆ ಒಳಗೆ ಸೇರಿಕೊಂಡರೆ ಮತ್ತೆ ಏಳುವುದು ಮೈ ಬೆಚ್ಚಗಾದ ಮೇಲೆಯೇ. ಹೆಣ್ಣು ಹಾಗಲ್ಲ, ಗಟ್ಟಿ ನೆಲ ಕೊರೆದು ಗೂಡು ಮಾಡಿ, ತೂತಿನ ಬಾಯಿಗೆ ಮಣ್ಣಿನದೇ ಸಣ್ಣ ಕೊಳವೆ ಕಟ್ಟಿಕೊಂಡಿರುತ್ತದೆ.

ಆ ಹೂವಿನ ಗಿಡ ನಮ್ಮ ದಾಸವಾಳ, ಬೆಂಡೆ, ಹತ್ತಿಗಳ ಕುಟುಂಬದ್ದು. ಕಿತ್ತಳೆ ಬಣ್ಣದ ಪುಟ್ಟ ಬಟ್ಟಲಿನಂಥ ಹೂ, ಬೂದಿ ಬಳಿದಂತಿರುವ ಎಲೆ. ಎಲೆಯನ್ನು ಭೂತಕನ್ನಡಿಯಲ್ಲಿ ನೋಡಿದರೆ ಮೈತುಂಬ ನಕ್ಷತ್ರಾಕಾರದ ರೋಮ. ಬಿಸಿಲನ್ನು ಚದುರಿಸಿ, ಎಲೆಯಿಂದ ನೀರು ಆರಿಹೋಗುವುದನ್ನು ತಗ್ಗಿಸುವುದು ಈ ರೋಮವೇ. ಗಿಡ ಸವರಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಉರಿ ತಪ್ಪಿದ್ದಲ್ಲ.

ಟೂಸಾನ್ ಇರುವುದು ಸೊನೋರನ್ ಮರುಭೂಮಿಯಲ್ಲಿ. ಮರುಭೂಮಿ ಎಂದೊಡನೆ ಮರಳ ದಿಬ್ಬ ನೆನೆಸಿಕೊಳ್ಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಳೆ, ಅದೂ ಎರಡು ಕಂತಿನಲ್ಲಿ: ಚಳಿಗಾಲದಲ್ಲಿ ಮೆತ್ತಗಿನ ಜಿಟಿಜಿಟಿ, ಜುಲೈ-ಆಗಸ್ಟ್‌ನಲ್ಲಿ ಗುಡುಗು ಸಿಡಿಲಿನ ಜಡಿಮಳೆ. ಅಲ್ಲಿಯವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ನಡುವೆ ಮೇ-ಜೂನ್, 40 ಡಿಗ್ರಿ ಮೀರಿದ ಒಣ ಬೆಂಕಿ. ಆಗ ಅನೇಕ ಬಹುವಾರ್ಷಿಕ ಗಿಡಗಳು ಎಲೆ ಉದುರಿಸಿ ಸತ್ತಂತೆ ನಿಲ್ಲುತ್ತವೆ. ಇಂಥ ಮರುಭೂಮಿ ಗಿಡಗಳನ್ನು ಅಂಗಳದಲ್ಲಿ ಬೆಳೆಸುವ ಹೊಸ ತೋಟಗಾರ ತಪ್ಪು ಮಾಡುವುದು ಇಲ್ಲೇ. ಗಿಡ ಬಾಡಿತೆಂದು ಮರುಗಿ ದಿನವೂ ಪೈಪು ಹಿಡಿಯುತ್ತಾನೆ. ಬಿಸಿನೆಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಹಳದಿ ಹೂವಿನ ಮರುಭೂಮಿ ಚೆಂಡುಹೂ (ಹೆಸರಷ್ಟೇ ಹಾಗೆ, ನಮ್ಮ ಚೆಂಡುಹೂವಲ್ಲ) ಹೀಗೆ ಸಾಯುವುದರಲ್ಲಿ ಮುಂದು.

ಹಾಗೆಂದು ನೆಟ್ಟು ಮರೆತುಬಿಡಿ ಎಂದಲ್ಲ. ಮೊದಲ ವರ್ಷ ನೀರು ಬೇಕೇ ಬೇಕು. ಆದರೆ ದಿನಕ್ಕೊಂದು ಲೋಟವಲ್ಲ, ಅಪರೂಪಕ್ಕೊಮ್ಮೆ ಮೊಣಕಾಲಾಳ ಇಳಿಯುವಷ್ಟು. ನೀರು ಆಳಕ್ಕಿಳಿದರೆ ಬೇರೂ ಅದರ ಬೆನ್ನು ಹತ್ತುತ್ತದೆ. ನೆಡುವುದಕ್ಕೆ ಸೆಖೆ ಇಳಿದ ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಗೊಬ್ಬರ ಹಾಕದಿದ್ದರೇ ಮೇಲು, ಹಾಕಿದರೆ ಸೊಪ್ಪು ಹೆಚ್ಚಿ ಗಿಡ ಅಡ್ಡ ಬೀಳುತ್ತದೆ.

ನೆಡುವ ಮುಂಚೆ ಗುಂಡಿ ತೋಡಿ, ನೀರು ತುಂಬಿಸಿ, ಮರುದಿನ ನೋಡಬೇಕು. ನೀರು ಹಾಗೇ ನಿಂತಿದ್ದರೆ ಕೆಳಗೆ ಕಲೀಚೆ ಇದೆ ಎಂದು ಅನುಮಾನಿಸಬೇಕು. ಇದು ಸುಣ್ಣ ಹೆಪ್ಪುಗಟ್ಟಿ ಸಿಮೆಂಟಿನಂತಾದ ಪದರ, ಹಾರೆ ಹಾಕಿದರೂ ಠಣ್ ಎನ್ನುತ್ತದೆ. ಅದನ್ನು ಒಡೆದು ನೀರಿಗೆ ದಾರಿ ಮಾಡಬೇಕು, ಇಲ್ಲವೇ ಜಾಗ ಬದಲಿಸಬೇಕು. ಮಳೆನೀರಿಗೂ ದಾರಿ ತೋರಿಸಿ. 100 ಚದರ ಮೀಟರಿನ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಚಾವಣಿಯಿಂದಿಳಿದ ನೀರನ್ನು ಸಣ್ಣ ಒಡ್ಡು ಹಾಕಿ ತಗ್ಗಿನ ಪಾತಿಗೆ ತಿರುಗಿಸಿದರೆ ಹಲವು ವಾರದ ಕೆಲಸ ಮುಗಿಯಿತು.

ಈ ತೋಟಗಳಲ್ಲಿ ಕನ್ನಡಿಗರಿಗೆ ಕೂಡಲೇ ಗುರುತು ಸಿಗುವಂಥದ್ದು ಮರುಭೂಮಿ ಮಿಲ್ಕ್‌ವೀಡ್. ವರ್ಷದ ಬಹುಕಾಲ ಎಲೆಯೇ ಇರುವುದಿಲ್ಲ. ಪೊರಕೆ ಕಡ್ಡಿಯಂಥ ಹಸಿರು ಕಾಂಡವೇ ಆಹಾರ ತಯಾರಿಸುತ್ತದೆ. ಮುರಿದರೆ ಬಿಳಿ ಹಾಲು. ನಮ್ಮ ಎಕ್ಕದ ಕುಟುಂಬದ್ದೇ ಇದು. ನಂಟು ಅಷ್ಟಕ್ಕೇ ನಿಲ್ಲುವುದಿಲ್ಲ. ಎಕ್ಕದ ಎಲೆ ತಿನ್ನುವ ಪ್ಲೇನ್ ಟೈಗರ್ ಚಿಟ್ಟೆಯ ಹುಳುವಿಗೆ ಮೂರು ಜೊತೆ ಕಪ್ಪು ಕೋಡುಗಳಿವೆಯಲ್ಲ, ಮಿಲ್ಕ್‌ವೀಡ್ ತಿನ್ನುವ ಕ್ವೀನ್ ಚಿಟ್ಟೆಯ ಹುಳುವಿಗೂ ಅಷ್ಟೇ. ಎರಡೂ ಡನಾಸ್ ಕುಲದವು. ಹಾಲಿನ ವಿಷವನ್ನೇ ಮೈಗೂಡಿಸಿಕೊಂಡು ಹಕ್ಕಿಗಳ ಬಾಯಿಗೆ ಕಹಿಯಾಗುತ್ತವೆ. ಕಾಂಡದ ತುದಿಗೆ ಹಳದಿ ಸಸ್ಯಹೇನು ಮುತ್ತುವುದೂ ಎಕ್ಕದಂತೆಯೇ. ಅದಕ್ಕೆ ಔಷಧಿ ಹೊಡೆದರೆ ಚಿಟ್ಟೆಯ ಹುಳುವೂ ಸಾಯುತ್ತದೆ. ನೀರು ರಭಸವಾಗಿ ಚಿಮ್ಮಿಸಿ ತೊಳೆದರೆ ಸಾಕು.

ಇರುಳ ಪಾಳಿಗೆ ಉಮ್ಮತ್ತಿ. ಅಲ್ಲಿಯ ಜಾತಿ ನೆಲದೊಳಗಿನ ದಪ್ಪ ಬೇರಿನಿಂದ ವರ್ಷವರ್ಷವೂ ಚಿಗುರುತ್ತದೆ. ಮುಸ್ಸಂಜೆಗೆ ಗೇಣುದ್ದದ ಬಿಳಿ ತುತ್ತೂರಿ ಅರಳಿದರೆ, ಗಿಡುಗ ಪತಂಗ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು, ಬೆರಳುದ್ದದ ನಾಲಿಗೆಯನ್ನು ಒಳಗೆ ಇಳಿಸುತ್ತದೆ. ಅದರ ಮರಿಹುಳುವೇ ಮುಂದೆ ಅದೇ ಗಿಡದ ಎಲೆ ಬೋಳಿಸುತ್ತದೆ. ಮಾಡಿದ ಸಹಾಯಕ್ಕೆ ಕೂಲಿ ಎಂದುಕೊಳ್ಳಬಹುದು. ಗಿಡದ ಪ್ರತಿ ಭಾಗವೂ ವಿಷ, ಮಕ್ಕಳಿರುವ ಮನೆಯವರು ದೂರವಿಡಲಿ.

ಹೂವಿನಷ್ಟೇ ಮುಖ್ಯವಾದದ್ದು ಬರಿನೆಲ. ಒಂಟಿ ಜೇನುಗಳಲ್ಲಿ ಬಹುಪಾಲು ನೆಲದಲ್ಲೇ ಗೂಡು ಮಾಡುವಂಥವು. ಅಂಗಳಕ್ಕೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಜಲ್ಲಿ ಸುರಿದರೆ ಅವು ಎಲ್ಲಿಗೆ ಹೋಗಬೇಕು? ಚಾಪೆಯಗಲದ ಜಾಗವನ್ನಾದರೂ ಅಗೆಯದೆ, ಮುಚ್ಚದೆ ಬಿಡಬೇಕು. ಕಳೆಯಲ್ಲಿ ಮಾತ್ರ ಒಂದನ್ನು ಬಿಡುವಂತಿಲ್ಲ, ಬಫೆಲ್ ಹುಲ್ಲು. ಭಾರತದಲ್ಲಿ ಅಂಜನ್ ಹುಲ್ಲೆಂದು ದನಕ್ಕೆ ಬೆಳೆಸುವುದು ಇದನ್ನೇ. ದನದ ಮೇವಿಗೆಂದೇ ಅರಿಜೋನಾಕ್ಕೂ ಹೋದ ಹುಲ್ಲು ಅಲ್ಲಿ ಕಾಡಿನ ಬೆಂಕಿಗೆ ಸೌದೆಯಾಗಿದೆ. ಅಮೆರಿಕ ಖಂಡದಿಂದ ಬಂದು ನಮ್ಮ ಹೊಲ-ಕೆರೆಯಂಗಳ ನುಂಗಿದ ಬಳ್ಳಾರಿ ಜಾಲಿಯ ಕಥೆಯನ್ನು ತಿರುಗಿಸಿ ಹೇಳಿದಂತೆ.

ಇನ್ನು ಪೆನ್‌ಸ್ಟಿಮನ್. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸೊಂಟದೆತ್ತರದ ಕಡ್ಡಿಗಳ ತುಂಬ ಗುಲಾಬಿ ಗಂಟೆಗಳು, ಅವನ್ನು ಮುತ್ತುವ ಹಮ್ಮಿಂಗ್ ಹಕ್ಕಿಗಳು. ಹೂ ಮುಗಿದ ಮೇಲೆ ಒಣಕಡ್ಡಿ ನೋಡಲು ಚೆಂದವಿರುವುದಿಲ್ಲ, ಕತ್ತರಿಸೋಣ ಎನಿಸುತ್ತದೆ. ಕಾಯಿ ಒಡೆದು ಬೀಜ ಉದುರುವ ತನಕ ತಾಳಿಕೊಳ್ಳಿ. ಆಮೇಲೆ ಕಡ್ಡಿ ಹಿಡಿದು ಜಾಡಿಸಿದರೆ ಮೆಣಸಿಗಿಂತ ಸಣ್ಣ ಬೀಜ ಸುರಿಯುತ್ತದೆ. ಮುಂದಿನ ಚಳಿಗಾಲಕ್ಕೆ ಸಸಿಗಳು ಏಳುತ್ತವೆ, ಹದ ಮಾಡಿಟ್ಟ ಮಡಿಯಲ್ಲಿ ನಾಲ್ಕು, ನೀವು ನಡೆದಾಡುವ ಜಲ್ಲಿದಾರಿಯ ನಡುವೆ ನಲವತ್ತು.