ಹದಿನೇಳು ದಿನಗಳ ಋಣ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಜುಲೈ ತಿಂಗಳೆಂದರೆ ಶಾಲೆಗಳಿಗೆ ಬೀಗ ಬಿದ್ದು, ಮಕ್ಕಳು ಮನೆಯಂಗಳದಲ್ಲಿಯೂ ಕಡಲ ದಂಡೆಯಲ್ಲಿಯೂ ಆಡಿ ನಲಿಯುವ ಕಾಲ. ಆದರೆ ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ, ಲಾಸ್ ಏಂಜಲೀಸ್ ನಗರದ ಆಗ್ನೇಯಕ್ಕಿರುವ ಹಂಟಿಂಗ್ಟನ್ ಪಾರ್ಕ್, ಬೆಲ್, ಸೌತ್ ಗೇಟ್ ಮೊದಲಾದ ಕಿರುಪಟ್ಟಣಗಳಲ್ಲಿ, ಅದೇ ಜುಲೈ ತಿಂಗಳಲ್ಲಿ ಹೊಸ ಶಾಲಾವರ್ಷವು ಮೊದಲಾಗುತ್ತಿತ್ತು. ಹಾಗೆ ಮೊದಲಾದಾಗಲೂ ಶಾಲೆಯ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿನವರು ಮಾತ್ರ ಒಳಗಿದ್ದು, ಉಳಿದ ಒಂದು ಪಾಲಿನವರು ತಮ್ಮ ಸರದಿ ಬರುವವರೆಗೆ ಮನೆಯಲ್ಲಿರಬೇಕಾಗಿತ್ತು. ಇದಕ್ಕೆ ‘ಕಾನ್ಸೆಪ್ಟ್ ಸಿಕ್ಸ್’ ಎಂಬ ಹೆಸರು. ಎರಡು ಸಾವಿರ ಮಕ್ಕಳಿಗಾಗಿ ಕಟ್ಟಿದ ಶಾಲೆಯಲ್ಲಿ ಮೂರು ಸಾವಿರ ಮಕ್ಕಳನ್ನು ಸೇರಿಸಿಕೊಂಡು, ಅವರನ್ನು ಎ, ಬಿ, ಸಿ ಎಂದು ಮೂರು ಸರದಿಗಳಾಗಿ ವಿಭಾಗಿಸಿ, ಒಂದು ಸರದಿ ಹೊರಗಿದ್ದಾಗ ಉಳಿದೆರಡು ಒಳಗಿರುವಂತೆ ವರ್ಷವನ್ನೆಲ್ಲ ಹೆಣೆದ ಉಪಾಯವಿದು. ಕಟ್ಟಡವನ್ನು ಹಿಗ್ಗಿಸಲಾರದವರು ಪಂಚಾಂಗವನ್ನು ಹಿಗ್ಗಿಸಿದರು.

ಸರದಿ ಬದಲಾಗುವ ದಿನದ ಶಾಲೆಯನ್ನು ತುಸು ಸಮೀಪದಿಂದ ನೋಡಬೇಕು. ಅಧ್ಯಾಪಿನಿಯು ಗೋಡೆಗೆ ಅಂಟಿಸಿದ್ದ ಅಕ್ಷರಮಾಲೆಯನ್ನೂ ಮಕ್ಕಳು ಬಣ್ಣ ಹಚ್ಚಿದ ಚಿತ್ರಗಳನ್ನೂ ಬಿಡಿಸಿ ಸುತ್ತಿ, ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಚಕ್ರದ ಗಾಡಿಯ ಮೇಲೇರಿಸಿ ಉಗ್ರಾಣಕ್ಕೆ ತಳ್ಳಿಕೊಂಡು ಹೋಗುತ್ತಾಳೆ. ಅದೇ ಕೊಠಡಿಗೆ ಮರುವಾರ ಬೇರೊಬ್ಬ ಅಧ್ಯಾಪಕರು, ಬೇರೆ ಪೆಟ್ಟಿಗೆಗಳೊಡನೆ, ಬೇರೆ ಮಕ್ಕಳೊಡನೆ ಆಗಮಿಸುತ್ತಾರೆ. ಕೊಠಡಿಯೇ ಇಲ್ಲದ ಅಧ್ಯಾಪಕರೂ ಇದ್ದರು. ಆ ಗಂಟೆಗೆ ಯಾವ ಕೋಣೆ ತೆರವಾಗಿದೆಯೋ ಅಲ್ಲಿಗೆ ತಮ್ಮ ಗಾಡಿಯನ್ನು ತಳ್ಳಿಕೊಂಡು ಹೋಗಿ, ಪಾಠ ಮುಗಿಸಿ, ಗಂಟೆ ಬಾರಿಸಿದೊಡನೆ ಮತ್ತೊಂದಕ್ಕೆ ಹೊರಡುವುದು ಅವರ ನಿತ್ಯಕರ್ಮ. ಆಟದ ಬಯಲುಗಳಲ್ಲಿ ಮರದ ತಾತ್ಕಾಲಿಕ ಕೊಠಡಿಗಳು ಸಾಲುಗಟ್ಟಿ ನಿಂತಿದ್ದವು. ಅವಕ್ಕೆ ಅಲ್ಲಿನವರು ‘ಬಂಗಲೆ’ ಎನ್ನುತ್ತಾರೆ. ನಮ್ಮ ನಾಡಿನಿಂದ ಹೋದ ಈ ಮಾತು ನಮ್ಮಲ್ಲಿ ಇಂದಿಗೂ ಸಿರಿವಂತರ ಮನೆಯನ್ನು ಸೂಚಿಸುತ್ತಿರಲು, ಅಲ್ಲಿ ಮಾತ್ರ ಮಕ್ಕಳ ಆಟದ ನೆಲವನ್ನು ನುಂಗಿದ ಹಲಗೆಯ ಪೆಟ್ಟಿಗೆಗೆ ಹೆಸರಾಯಿತು.

ಈ ಪಂಚಾಂಗದಲ್ಲಿ ಶಾಲೆಯ ದಿನಗಳು 163. ಇತರ ಮಕ್ಕಳಿಗೆ 180. ದಿನದ ಪಾಠದ ಅವಧಿಯನ್ನು ದೀರ್ಘಗೊಳಿಸಿ ಲೆಕ್ಕವನ್ನು ಸರಿತೂಗಿಸಿದ್ದೇವೆಂದು ಆಡಳಿತದವರು ಹೇಳುತ್ತಿದ್ದರು. ನಿಮಿಷಗಳ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದ್ದಿರಬಹುದು. ಆದರೆ ದಣಿದ ಮಗುವಿನ ಕೊನೆಯ ಅರ್ಧ ಗಂಟೆಯೂ ಹೊಸ ಬೆಳಗಿನ ಮೊದಲ ಅರ್ಧ ಗಂಟೆಯೂ ಸಮಾನವೆಂದು ಮಕ್ಕಳಿಗೆ ಪಾಠ ಹೇಳಿದ ಯಾರೂ ಒಪ್ಪಲಾರರು. ವರ್ಷಕ್ಕೆ 17 ದಿನಗಳಂತೆ, ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗಿನ 13 ವರ್ಷಗಳನ್ನು ಗುಣಿಸಿದರೆ 221 ದಿನಗಳಾದುವು. ಎಂದರೆ ಒಂದು ಪೂರ್ಣ ಶಾಲಾವರ್ಷವೂ ಮೇಲಿಷ್ಟೂ. ಕೆಲವು ಸರದಿಗಳ ವಿದ್ಯಾರ್ಥಿಗಳಿಗೆ ಮೇ ತಿಂಗಳ ಉನ್ನತ ಪರೀಕ್ಷೆಗಳು ರಜೆಯ ಮಧ್ಯದಲ್ಲಿ ಎದುರಾಗುತ್ತಿದ್ದುವು. ಕೆಲವು ವಿಷಯಗಳು ಒಂದು ಸರದಿಯಲ್ಲಿ ದೊರೆತರೆ ಇನ್ನೊಂದರಲ್ಲಿ ದೊರೆಯುತ್ತಿರಲಿಲ್ಲ. ಅಕ್ಕನು ಒಂದು ಶಾಲೆಯ ಒಂದು ಸರದಿಯಲ್ಲಿಯೂ ತಮ್ಮನು ಇನ್ನೊಂದು ಶಾಲೆಯ ಬೇರೊಂದು ಸರದಿಯಲ್ಲಿಯೂ ಇದ್ದ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೆ ರಜೆ ಬಾರದೆ ಹೋಗುವುದೂ ಉಂಟು. ಬೇಸಗೆಯ ರಜೆಯೊಡನೆ ಅಜ್ಜನ ಮನೆಯ ನೆನಪು ಬೆಸೆದುಕೊಂಡಿರುವ ನಮ್ಮವರಿಗೆ ಈ ನಷ್ಟದ ಆಳವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಇಕ್ಕಟ್ಟು ಬಂದೊದಗಿದುದು ಹೇಗೆ? ಅಮೆರಿಕದಲ್ಲಿ ಶಾಲಾ ಜಿಲ್ಲೆಯೆಂದರೆ ನಮ್ಮ ಕಂದಾಯದ ಜಿಲ್ಲೆಯಲ್ಲ. ತನ್ನದೇ ಚುನಾಯಿತ ಮಂಡಲಿಯುಳ್ಳ ಸ್ವತಂತ್ರ ಆಡಳಿತ ಅದು. ಲಾಸ್ ಏಂಜಲೀಸಿನ ಶಾಲಾ ಜಿಲ್ಲೆಯು ಸುಮಾರು 700 ಚದರ ಮೈಲಿಗಳಷ್ಟು ಹರಡಿ, ನಗರವನ್ನಲ್ಲದೆ ಸುತ್ತಣ ಅನೇಕ ಕಿರುಪಟ್ಟಣಗಳನ್ನೂ ಒಳಗೊಂಡಿದೆ. 1980ರ ಆಸುಪಾಸಿನಲ್ಲಿ ಅಲ್ಲಿನ ಮೋಟಾರು, ಟೈರು ಮತ್ತು ಉಕ್ಕಿನ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದಾಗ ಹಳೆಯ ಕಾರ್ಮಿಕ ಕುಟುಂಬಗಳು ಹೊರಟುಹೋಗಿ, ಅವರ ಮನೆಗಳಿಗೆ ಮೆಕ್ಸಿಕೋದಿಂದಲೂ, ಅಂತರ್ಯುದ್ಧದಿಂದ ಬೆಂದ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಗಳಿಂದಲೂ ಎಳೆಯ ಸಂಸಾರಗಳು ಬಂದು ನೆಲೆಸಿದುವು. ಒಬ್ಬಿಬ್ಬರಿದ್ದ ಮನೆಗಳಲ್ಲಿ ಆರೇಳು ಮಂದಿಯಾದರು. 1990ರಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಹುಟ್ಟಿದ ಶಿಶುಗಳ ಸಂಖ್ಯೆ 2 ಲಕ್ಷವನ್ನು ಮೀರಿತ್ತು. ಇದೇ ಕಾಲದಲ್ಲಿ, ಬೆಟ್ಟದಾಚೆಯ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಮಕ್ಕಳು ಕಡಮೆಯಾದರೆಂದು ಶಾಲೆಗಳನ್ನು ಮುಚ್ಚಿದ್ದರು. ಆ ಕಣಿವೆಗೇ ತರುವಾಯ ಇತ್ತಣ ಮಕ್ಕಳನ್ನು ಬಸ್ಸುಗಳಲ್ಲಿ ತುಂಬಿ ಸಾಗಿಸಬೇಕಾಯಿತು. ತಮ್ಮ ಬೀದಿಯ ಕೊನೆಯಲ್ಲಿಯೇ ಶಾಲೆಯಿದ್ದರೂ ಅಲ್ಲಿ ಎಡೆಯಿಲ್ಲದೆ, ಸಾವಿರಾರು ಮಕ್ಕಳು ಪ್ರತಿದಿನವೂ ಮುಂಜಾವದ ಮಬ್ಬಿನಲ್ಲಿ ಬಸ್ಸಿಗಾಗಿ ಕಾದರು.

ಹಣದ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. 1978ರ ಜೂನಿನಲ್ಲಿ ಕ್ಯಾಲಿಫೋರ್ನಿಯದ ಮತದಾರರು 13ನೆಯ ಪ್ರಸ್ತಾವವನ್ನು ಅಂಗೀಕರಿಸಿ ಸ್ವತ್ತಿನ ತೆರಿಗೆಯನ್ನು ಬಿಗಿದು ಕಟ್ಟಿದರು. ಶಾಲೆ ಕಟ್ಟಲು ಸಾಲಪತ್ರ ಹೊರಡಿಸುವ ದಾರಿಯು ಕೆಲವು ವರ್ಷ ಮುಚ್ಚಿಯೇ ಹೋಗಿ, 1986ರಲ್ಲಿ ಮತ್ತೆ ತೆರೆದಾಗಲೂ ಮೂರರಲ್ಲಿ ಎರಡು ಪಾಲು ಮತಗಳು ಬೇಕಾದುವು. ಮಕ್ಕಳಿದ್ದ ತಂದೆತಾಯಿಗಳಲ್ಲಿ ಬಹುಮಂದಿಗೆ ಮತದ ಹಕ್ಕೇ ಇರಲಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಇದರ ಮೇಲೆ 1996ರಲ್ಲಿ ರಾಜ್ಯಪಾಲ ಪೀಟ್ ವಿಲ್ಸನ್ ಅವರು ಕೆಳತರಗತಿಗಳಲ್ಲಿ ಇಪ್ಪತ್ತೇ ಮಕ್ಕಳಿರಬೇಕೆಂಬ ಸದಾಶಯದ ಯೋಜನೆಯನ್ನು ತಂದರು. ಮೂವತ್ತರಂತೆ ಎರಡು ಕೊಠಡಿಗಳಲ್ಲಿ ಕುಳಿತಿದ್ದ ಅರವತ್ತು ಮಕ್ಕಳಿಗೆ ಈಗ ಮೂರು ಕೊಠಡಿಗಳು ಬೇಕಾದುವು. ಮೂರನೆಯ ಕೊಠಡಿ ಎಲ್ಲಿಯೂ ಇರಲಿಲ್ಲ. ಹೊಸದಾಗಿ ಒಂದು ಪೂರ್ಣ ಪ್ರೌಢಶಾಲೆಯನ್ನು ತೆರೆದು ದಶಕಗಳೇ ಸಂದಿದ್ದ ಕಾಲ ಅದು.

ಕಟ್ಟಲು ಹೊರಟ ಮೊದಲ ಮಹಾಪ್ರಯತ್ನವು ದುರಂತದಲ್ಲಿ ಪರ್ಯವಸಾನವಾಯಿತು. ನಗರದ ಮಧ್ಯಭಾಗಕ್ಕೆ ಅಂಟಿಕೊಂಡಿದ್ದ ಬೆಲ್ಮಾಂಟ್ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ 5 ಸಾವಿರವನ್ನು ದಾಟಿರಲು, ಅದರ ಹೊರೆಯನ್ನು ಇಳಿಸಲೆಂದು 1997ರಲ್ಲಿ ಹೊಸ ಶಾಲೆಯೊಂದರ ನಿರ್ಮಾಣಕ್ಕೆ ಕೈಹಾಕಿದರು. ಆ ನೆಲದ ಅಡಿಯಲ್ಲಿ ಹಳೆಯದೊಂದು ತೈಲಕ್ಷೇತ್ರವಿದ್ದು, ಮಣ್ಣಿನಿಂದ ಮೀಥೇನ್ ಅನಿಲವೂ ವಿಷಮಯವಾದ ಹೈಡ್ರೋಜನ್ ಸಲ್ಫೈಡೂ ಒಸರುತ್ತಿದ್ದುವು. 2000ದ ಆರಂಭದಲ್ಲಿ ಕೆಲಸ ನಿಂತಿತು. ಮತ್ತೆ ತೊಡಗಬೇಕೆಂದಾಗ ಕಟ್ಟಡದ ಕೆಳಗೆ ಭೂಕಂಪದ ಬಿರುಕು ಕಾಣಿಸಿತು. ಕೆಲವು ಭಾಗವನ್ನು ಕೆಡವಿ, ಕೆಲವನ್ನು ಉಳಿಸಿ, ಒಂದಷ್ಟು ನೆಲವನ್ನು ಉದ್ಯಾನಕ್ಕೆ ಬಿಟ್ಟುಕೊಟ್ಟು, ಅಂತೂ 2008ರಲ್ಲಿ ಎಡ್ವರ್ಡ್ ರಾಯ್‌ಬಾಲ್ ಅವರ ಹೆಸರಿನಲ್ಲಿ ಶಾಲೆಯು ತೆರೆದಾಗ ಸುಮಾರು 40 ಕೋಟಿ ಡಾಲರು ವ್ಯಯವಾಗಿತ್ತು. ಜಾಗವನ್ನು ಕೊಳ್ಳುವುದಕ್ಕೆ ಮೊದಲು ಮಣ್ಣನ್ನು ಪರೀಕ್ಷಿಸಬೇಕೆಂಬ ಪಾಠವನ್ನು ಆ ಜಿಲ್ಲೆ ಕಲಿತುದು ಹೀಗೆ. ಆ ಪಾಠಕ್ಕೆ ಮಕ್ಕಳು ತೆತ್ತ ಶುಲ್ಕವೋ ಹನ್ನೊಂದು ವರ್ಷಗಳು.

ದಿಕ್ಕು ಬದಲಾದುದು 2000ದಲ್ಲಿ. ವರ್ಣಭೇದದ ಶಾಲೆಗಳನ್ನು ಅಳಿಸಿದ ಬ್ರೌನ್ ತೀರ್ಪಿನ ವಾರ್ಷಿಕ ದಿನವಾದ ಮೇ 17ರಂದು, ಶಾಲಾಮಕ್ಕಳ ಪರವಾಗಿ ವಿಲಿಯಮ್ಸ್ ಪ್ರಕರಣವೆಂದು ಹೆಸರಾದ ವ್ಯಾಜ್ಯವು ರಾಜ್ಯದ ವಿರುದ್ಧ ದಾಖಲಾಯಿತು. 2004ರ ಆಗಸ್ಟಿನಲ್ಲಿ ಆದ ಒಪ್ಪಂದದಲ್ಲಿ, 163 ದಿನಗಳ ಪಂಚಾಂಗವು 2012ರೊಳಗೆ ಕೊನೆಗೊಳ್ಳತಕ್ಕದ್ದೆಂದು ನಿಶ್ಚಯವಾಯಿತು. ಅಷ್ಟರಲ್ಲಿ, 2000ದ ನವೆಂಬರಿನಲ್ಲಿ, ಮತದಾರರು ಸಾಲಪತ್ರಗಳಿಗೆ ಬೇಕಾದ ಮತದ ಪ್ರಮಾಣವನ್ನು ಶೇ. 55ಕ್ಕೆ ಇಳಿಸಿದ್ದರು. 2002ರಲ್ಲಿ 335 ಕೋಟಿ, 2004ರಲ್ಲಿ 387 ಕೋಟಿ, 2005ರಲ್ಲಿ ಸುಮಾರು 400 ಕೋಟಿ, 2008ರಲ್ಲಿ 700 ಕೋಟಿ ಡಾಲರುಗಳ ಸಾಲಕ್ಕೆ ಶಾಲಾ ಜಿಲ್ಲೆಯ ಜನ ಸಮ್ಮತಿಯಿತ್ತರು. ಕೊಲರಾಡೋದ ರಾಜ್ಯಪಾಲರಾಗಿದ್ದ ರಾಯ್ ರೋಮರ್ ಅವರು 2000ದಲ್ಲಿ ಜಿಲ್ಲೆಯ ಅಧೀಕ್ಷಕರಾಗಿ ಬಂದವರು, ಕಟ್ಟಡದ ಹೊಣೆಯನ್ನು ನೌಕಾದಳದಿಂದ ನಿವೃತ್ತರಾದ ಎಂಜಿನಿಯರುಗಳಿಗೆ ವಹಿಸಿದರು. ಪ್ರತಿಯೊಂದು ಮಗುವಿಗೂ ತನ್ನ ನೆರೆಕೆರೆಯಲ್ಲಿಯೇ ಒಂದು ಆಸನ, ಆ ಆಸನದಲ್ಲಿ 180 ದಿನ: ಉದ್ದೇಶ ಇಷ್ಟೇ.

ಈ ‘ಆಸನ’ವೆಂಬುದು ಯೋಜಕರ ಮೂಲಮಾನ. ಅವರ ಗಣಿತವು ಕಷ್ಟದ್ದಲ್ಲ, ತಾಳ್ಮೆಯದು. ಐದು ವರ್ಷಗಳ ಹಿಂದೆ ಹುಟ್ಟಿದ ಶಿಶುಗಳಲ್ಲಿ ಎಷ್ಟು ಪಾಲು ಈ ವರ್ಷ ಶಿಶುವಿಹಾರಕ್ಕೆ ಬಂದಿತು, ಒಂದನೆಯ ತರಗತಿಯಲ್ಲಿದ್ದವರಲ್ಲಿ ಎಷ್ಟು ಪಾಲು ಎರಡಕ್ಕೆ ಏರಿತು ಎಂದು ಬೀದಿಬೀದಿಗೂ ಲೆಕ್ಕ ತೆಗೆದು, ಆ ಪ್ರಮಾಣಗಳನ್ನು ಮುಂದಿನ ವರ್ಷಗಳಿಗೆ ಚಾಚಿ, ಎಲ್ಲಿ ಎಷ್ಟು ಆಸನಗಳ ಕೊರತೆ ಬೀಳುವುದೆಂದು ಗುರುತಿಸುವರು. ತೊಡಕಿರುವುದು ಅಲ್ಲಿಂದ ಮುಂದೆ. ಸೂಜಿಮೊನೆಯಷ್ಟೂ ಬರಿಯ ನೆಲವಿಲ್ಲದ ಊರಿನಲ್ಲಿ ಜಾಗ ಹುಡುಕಬೇಕು. ಮನೆಗಳನ್ನು ಕೊಳ್ಳಬೇಕು, ಒಕ್ಕಲಿದ್ದವರಿಗೆ ಬೇರೆ ವಸತಿ ತೋರಿಸಬೇಕು. ಮಣ್ಣಿನ ವಿಷವನ್ನು ತೊಳೆಯಬೇಕು. 1933ರ ಲಾಂಗ್ ಬೀಚ್ ಭೂಕಂಪದಲ್ಲಿ ಶಾಲೆಗಳು ಉರುಳಿದ ಬಳಿಕ ಬಂದ ಫೀಲ್ಡ್ ಶಾಸನದಂತೆ ರಾಜ್ಯದ ವಾಸ್ತುಶಿಲ್ಪಿಯ ಕಚೇರಿಯಿಂದ ನಕ್ಷೆಗೆ ಅನುಮತಿ ಪಡೆಯಬೇಕು. ಶಾಲೆಯೊಂದು ಎದ್ದು ನಿಲ್ಲುವ ವೇಳೆಗೆ ಎಣಿಕೆಯಲ್ಲಿದ್ದ ಮಗುವಿನ ಹಾಲುಹಲ್ಲುಗಳೆಲ್ಲ ಬಿದ್ದು ಹೋಗಿರುತ್ತವೆ. ಮನೆಗಳನ್ನು ಕಳೆದುಕೊಂಡವರ ದುಃಖವೂ ಅಲ್ಪವಾದುದಲ್ಲ. ಆದರೂ, ಎರಡು ದುಃಖಗಳನ್ನು ತೂಗಿ ನೋಡುವಾಗ ನನ್ನ ಮನಸ್ಸು ಬಸ್ಸಿಗೆ ಕಾದ ಮಗುವಿನ ಕಡೆಗೇ ವಾಲುತ್ತದೆ.

ವಿಲ್ಷೈರ್ ರಾಜಮಾರ್ಗದಲ್ಲಿದ್ದ ಅಂಬಾಸಡರ್ ಹೋಟೆಲಿನ ಕಥೆಯಲ್ಲಿ ಈ ಎಲ್ಲ ತೊಡಕುಗಳೂ ಒಂದೆಡೆ ಸೇರಿವೆ. 1921ರಲ್ಲಿ ತೆರೆದ ಆ ವೈಭವದ ಹೋಟೆಲು, ‘ಕೋಕೋನಟ್ ಗ್ರೋವ್’ ಎಂಬ ಅದರ ನರ್ತನಶಾಲೆ, 1968ರ ಜೂನಿನಲ್ಲಿ ರಾಬರ್ಟ್ ಕೆನೆಡಿಯವರು ಚುನಾವಣೆಯ ವಿಜಯಭಾಷಣ ಮುಗಿಸಿ ಅಡುಗೆಮನೆಯ ಓಣಿಯಲ್ಲಿ ಸಾಗುವಾಗ ಗುಂಡೇಟಿಗೆ ಗುರಿಯಾದ ಸ್ಥಳ: ಇವೆಲ್ಲ ಅಮೆರಿಕದ ಸ್ಮೃತಿಯಲ್ಲಿ ಅಚ್ಚೊತ್ತಿವೆ. 1989ರಲ್ಲಿ ಹೋಟೆಲು ಮುಚ್ಚಿತು. ಸುತ್ತಣ ಬೀದಿಗಳಲ್ಲಿ ವಸತಿ ಅತ್ಯಂತ ನಿಬಿಡವಾಗಿದ್ದು, ಅಲ್ಲಿನ ಮಕ್ಕಳು ಬಸ್ಸಿನಲ್ಲಿ ದೂರದ ಶಾಲೆಗಳಿಗೆ ಹೋಗುತ್ತಿದ್ದರು. ಆದುದರಿಂದ ಶಾಲಾ ಜಿಲ್ಲೆಯು ಆ ನಿವೇಶನವನ್ನು ಬಯಸಿತು. ಮುಂದೆ ರಾಷ್ಟ್ರಾಧ್ಯಕ್ಷರಾದ ಡೊನಾಲ್ಡ್ ಟ್ರಂಪ್ ಮತ್ತವರ ಪಾಲುದಾರರು ಅಲ್ಲಿ 125 ಅಂತಸ್ತುಗಳ ಗೋಪುರವನ್ನು ಎಬ್ಬಿಸಬೇಕೆಂದಿದ್ದರು. ದಶಕವೊಂದು ನ್ಯಾಯಾಲಯಗಳಲ್ಲಿ ಕಳೆಯಿತು. 2001ರಲ್ಲಿ ನೆಲವು ಜಿಲ್ಲೆಯ ವಶವಾದ ಮೇಲೆ, ಹಳೆಯ ಕಟ್ಟಡವನ್ನು ಉಳಿಸಿಕೊಂಡೇ ಶಾಲೆ ಮಾಡಿರೆಂದು ಪರಂಪರೆಯ ಸಂರಕ್ಷಕರು ವಾದಿಸಿದರು. ಅವರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಕಡೆಗೆ 2005ರಲ್ಲಿ ರಾಜಿಯಾಗಿ ಹೋಟೆಲನ್ನು ಕೆಡವಿದರು; ಸುಮಾರು 57.8 ಕೋಟಿ ಡಾಲರುಗಳ ವೆಚ್ಚದಲ್ಲಿ, ಕೆನೆಡಿಯವರ ಹೆಸರನ್ನೇ ಹೊತ್ತು, ಸುಮಾರು 4,200 ಮಕ್ಕಳ ಆರು ಶಾಲೆಗಳು ಒಂದೇ ಆವರಣದಲ್ಲಿ 2010ರಲ್ಲಿ ಪೂರ್ಣಗೊಂಡುವು. ಶಾಲೆಯೊಂದಕ್ಕೆ ಇಷ್ಟು ಹಣವೇ ಎಂದು ದೇಶವೆಲ್ಲ ಹುಬ್ಬೇರಿಸಿತು. ಕೆನೆಡಿಯವರು ಕೊನೆಯ ಭಾಷಣ ಮಾಡಿದ ಸಭಾಂಗಣವಿದ್ದೆಡೆಯಲ್ಲಿ ಈಗ ಎತ್ತರದ ಕಮಾನು ಚಾವಣಿಯ ಗ್ರಂಥಾಲಯವಿದೆ; ಅಲ್ಲಿ ಸುತ್ತಣ ಬೀದಿಗಳ ಮಕ್ಕಳು, ಬಸ್ಸು ಹತ್ತದೆ ನಡೆದು ಬಂದವರು, ಮೇಜಿನ ಮೇಲೆ ಪುಸ್ತಕ ಬಿಡಿಸಿ ಕುಳಿತುಕೊಳ್ಳುತ್ತಾರೆ.

ಒಟ್ಟು 131 ಹೊಸ ಶಾಲೆಗಳು, 1 ಲಕ್ಷ 70 ಸಾವಿರದಷ್ಟು ಆಸನಗಳು, ದುರಸ್ತಿಯ ಕೆಲಸವೂ ಸೇರಿ ಸುಮಾರು 1,950 ಕೋಟಿ ಡಾಲರು. ಅಷ್ಟರಲ್ಲಿ ಪ್ರವಾಹವು ಇಳಿಯತೊಡಗಿತ್ತು. ಜಿಲ್ಲೆಯ ವಿದ್ಯಾರ್ಥಿಸಂಖ್ಯೆಯು 2002ರ ಹೊತ್ತಿಗೆ 7 ಲಕ್ಷ 40 ಸಾವಿರವನ್ನು ಮೀರಿ ಶಿಖರವನ್ನು ಮುಟ್ಟಿ, ಜನನಗಳು ಕಡಮೆಯಾದುದರಿಂದಲೂ, ಬಾಡಿಗೆ ಏರಿ ಸಂಸಾರಗಳು ವಲಸೆಹೋದುದರಿಂದಲೂ, ಸರ್ಕಾರದ ಹಣದಿಂದ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳು ಹೆಚ್ಚಿದುದರಿಂದಲೂ ವರ್ಷವರ್ಷಕ್ಕೆ ಇಳಿದು, ಇಂದು 5 ಲಕ್ಷಕ್ಕೂ ಕೆಳಗಿದೆ. ಇದನ್ನು ನೋಡಿ, ಕಟ್ಟಿದುದೆಲ್ಲ ವ್ಯರ್ಥವಾಯಿತೆನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಪಂಚಾಂಗವು 180 ದಿನಗಳಿಗೆ ಮರಳಿದುದು ಆ ಆಸನಗಳಿಂದಲೇ. ತಪ್ಪಿದ್ದು ಕಟ್ಟಿದುದರಲ್ಲಲ್ಲ, ಎಣಿಸಿಯೂ ಕಟ್ಟದೆ ಕುಳಿತ ಇಪ್ಪತ್ತು ವರ್ಷಗಳಲ್ಲಿ.

ಆ ಸಾಲಿನ ಕಡೆಯ ಶಾಲೆಯು ಮೇವುಡ್ ಎಂಬ ಕಿರುಪಟ್ಟಣದಲ್ಲಿ 2017ರ ಆಗಸ್ಟಿನಲ್ಲಿ ತೆರೆಯಿತು. 1990ರಲ್ಲಿ ಆ ಬೀದಿಗಳಲ್ಲಿ ಹುಟ್ಟಿ, ಯಾರ ಸಲುವಾಗಿ ಮೊದಲು ಲೆಕ್ಕ ಹಾಕಬೇಕಾಗಿತ್ತೋ ಆ ಮಗುವಿಗೆ ಆಗ 27 ವರ್ಷ ತುಂಬಿತ್ತು.